ಸೈಕಲ್ಲಿಂದ ಬಿದ್ದ ಹಲ್ಲುಗಳು

ಮನೆಯ ಹಿಂದಿನ ಹಿಟ್ಟಿನ ಗಿರಣಿಯ ಪಟ್ಟಿ ಬೆಳಗ್ಗೆ ಏಳಕ್ಕೆ ಪಟಪಟ ಬಡಿಯತೊಡಗಿದರೆ ಆಮೇಲೆ ಪಿಸುಮಾತಿಗೆ ಅಲ್ಲಿ ಜಾಗವಿಲ್ಲ. ಆ ದಿನ ಆ ಸದ್ದು ಅವನಿಗೆ ಉಪಕಾರವನ್ನೇ ಮಾಡಿತು. ನಾಲ್ಕು ವರ್ಷದ ಮಗಳ ಎಡಗೆನ್ನೆಯ ಊತ ಕಣ್ಣಿನವರೆಗೂ ಏರಿತ್ತು. ಹೆಂಡತಿ ಕೇಳಿದ್ದೆಲ್ಲ ಕೇಳಿಸದವನಂತೆ ಅವನು ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದ.

ಮೂವರೂ ಹೊರಟಾಗ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲೇ ಹಿಡಿದಳು.

"ಮತ್ತೆ ಊದಿತಾ? ಮಗೂನ ಸಕ್ಕರೆ ಡಬ್ಬದಲ್ಲೇ ಮಲಗಿಸಿದ್ರೆ ಇನ್ನೇನಾಗುತ್ತೆ?"

"ಡಬ್ಬ ಅಟ್ಟ ಸೇರಿ ಆರು ತಿಂಗಳಾಯ್ತು ಅಜ್ಜಿ. ಚಹಾಕ್ಕೂ ಇಳಿಸಲ್ಲ" ಎಂದಳು ಹೆಂಡತಿ.

"ಹಾಗಾದ್ರೆ ನಿಮ್ಮನೆ ಇರುವೆಗಳೂ ಉಪವಾಸ ಅನ್ನು."

ಹೆಂಡತಿ ನಗಲಿಲ್ಲ. ಡಬ್ಬವನ್ನು ಅಟ್ಟಕ್ಕೇರಿಸಲು ಹೇಳಿದವನು ಅವನೇ. ಹಿಂದಿನ ಸಲ ಊದಿದ ಹಲ್ಲನ್ನು ಬೇರೆ ಡಾಕ್ಟರು ಕಿತ್ತಾಗ, "ಸಿಹಿ ಕೊಟ್ಟು ಕೊಟ್ಟು ಹಾಳು ಮಾಡಿದೆ" ಎಂದು ಅವಳ ಅಮ್ಮನ ಎದುರೇ ಅಂದಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅದು ಅವನಿಗೆ ಅಂದೇ ಗೊತ್ತಿತ್ತು.

ದರ್ಜಿಯಾದ ಅವನನ್ನು ಪೇಟೆಯಲ್ಲಿ ಪ್ಯಾಂಟ್ ಮಾಸ್ಟರ್ ಎನ್ನುತ್ತಿದ್ದರು. ಕಾಲು ವಾರೆಯಿದ್ದವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಮಂಡಿಯ ಹತ್ತಿರ ಒಂದಿಂಚು ಸಡಿಲ ಬಿಟ್ಟು, ಅಲ್ಲಿಂದ ಕೆಳಕ್ಕೆ ನೇರವಾಗಿ ಇಳಿಸಿ ಕತ್ತರಿಸಿದರೆ ಒಳಗಿನ ಕಾಲಿನ ಬಿಲ್ಲುಬಾಗು ಬಟ್ಟೆಯ ಮೇಲೆ ಕಾಣುವುದಿಲ್ಲ. ಆ ಅಳತೆಯನ್ನು ಅವನು ಯಾರಿಂದಲೂ ಕಲಿತದ್ದಲ್ಲ, ಸ್ವಂತ ಕಾಲಿನ ಮೇಲೇ ಕಲಿತದ್ದು. ಮದುವೆಯ ಮಾತು ಬಂದಾಗ ಅವನ ಅಮ್ಮ, "ಚಿಕ್ಕವನಿದ್ದಾಗ ಸೈಕಲ್ಲಿಂದ ಬಿದ್ದೆ ಅನ್ನು. ಕಾಲಿಗೂ ಆಯ್ತು, ಹಲ್ಲಿಗೂ ಆಯ್ತು" ಎಂದು ಹೇಳಿಕೊಟ್ಟಿದ್ದಳು. ಹಾಗೆ ಹೇಳಿಕೊಡುವಾಗ ಅವಳ ಬಾಯಲ್ಲೂ ಹಲ್ಲಿರಲಿಲ್ಲ. ಈಗ ಅವಳೂ ಇಲ್ಲ.

ಹೊಸ ಡಾಕ್ಟರಮ್ಮ ಮಗುವಿನ ಬಾಯಿಗೆ ಪುಟ್ಟ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಒಂದು ಚುಕ್ಕೆ ಹುಳುಕಿಲ್ಲ. ಆದ್ರೂ ಬೇರಲ್ಲಿ ಕೀವು ತುಂಬಿದೆ." ಕುರ್ಚಿಯಿಂದ ಇಳಿದ ಮಗು ತೊನೆಯುತ್ತ ಅಮ್ಮನ ಬಳಿ ಹೋದದ್ದನ್ನೂ ಅವರು ನೋಡಿದರು. "ಮನೇಲಿ ಯಾರಿಗಾದ್ರೂ ಕಾಲು ವಾರೆ ಇದೆಯಾ? ಚಿಕ್ಕ ವಯಸ್ಸಲ್ಲೇ ಹಲ್ಲು ಹೋಗಿರೋದು?"

ಕುಂಬಳಕಾಯಿ ಕಳ್ಳನ ಕೈ ಹೆಗಲಿಗೆ ಹೋದಂತೆ ಅವನ ಕೈ ದವಡೆಗೆ ಹೋಯಿತು.

"ನಮ್ಮ ಕಡೆ ಯಾರಿಗೂ ಇಲ್ಲ" ಎಂದಳು ಹೆಂಡತಿ. "ಇವರದ್ದು ಕಟ್ಟಿಸಿದ ಹಲ್ಲು. ಕಾಲೂ ಸ್ವಲ್ಪ ಹಾಗೇ. ಆದ್ರೆ ಅದು ಸೈಕಲ್ಲಿಂದ ಬಿದ್ದಿದ್ದು. ಅಲ್ವೇನ್ರೀ?"

"ಹೂಂ" ಎಂದ.

"ಹಾಗಾದ್ರೆ ಮಗೂಗೂ ಎಲ್ಲೋ ಪೆಟ್ಟಾಗಿರಬೇಕು. ಮಗೂನ ಕರ್ಕೊಂಡು ಹೊರಗೆ ಕೂತಿರಿ, ಸಿದ್ಧ ಮಾಡ್ಕೊಂಡು ಕರೀತೀನಿ, ಇದನ್ನೂ ಕೀಳೋಣ."

ಹೊರಗಿನ ಬೆಂಚಿನ ಮೇಲೆ ಹೆಂಡತಿ ಬೆರಳು ಮಡಿಚುತ್ತ ಲೆಕ್ಕ ಹಾಕತೊಡಗಿದಳು. "ಬಚ್ಚಲಲ್ಲಿ ಒಂದ್ಸಲ ಜಾರಿದ್ಲು. ಮೆಟ್ಟಿಲ ಹತ್ರ ಒಂದ್ಸಲ. ಆಗ ನಾನು ಬಟ್ಟೆ ಹರವ್ತಾ ಇದ್ದೆ. ನಾನೇ ನೋಡ್ಕೋಬೇಕಿತ್ತು ರೀ."

ಅವನಿಗೆ ಅವಳ ಬೆರಳುಗಳನ್ನು ನೋಡಲಾಗಲಿಲ್ಲ. ಮದುವೆಯಾದಾಗಿನಿಂದ ಆರು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಬಿಸಿ ತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ಮಗಳು ಊದಿದ ಕೆನ್ನೆಯನ್ನು ಅವನ ತೋಳಿಗೆ ಒರಗಿಸಿದಳು.

"ಅಪ್ಪಾ, ಇನ್ಮೇಲೆ ನಾನು ಬೀಳಲ್ಲ."

ಅವನು ಎದ್ದು ಡಾಕ್ಟರಮ್ಮನ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡ.

"ಡಾಕ್ಟ್ರೇ, ನನಗೆ ಸೈಕಲ್ ಹೊಡೆಯೋಕೇ ಬರಲ್ಲ."

ಅವರು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟರು. ಅವನು ತಲೆ ತಗ್ಗಿಸಿಯೇ ಹೇಳಿದ: ತನ್ನ ಮೂರನೇ ವರ್ಷದಿಂದ ಒಂದೊಂದಾಗಿ ಊದಿ ಬಿದ್ದ ಹಲ್ಲುಗಳು, ಅಮ್ಮನ ಕುಳ್ಳು ದೇಹ, ಅವಳ ಕಾಲು, ತನ್ನ ಕಾಲು.

"ಮೂಳೆಗೆ, ಹಲ್ಲಿಗೆ ಬೇಕಾದ ಫಾಸ್ಫೇಟು ಮೂತ್ರದಲ್ಲಿ ಸೋರಿಹೋಗೋ ರೋಗ ಇರಬಹುದು. ಹಲ್ಲು ಹೊರಗೆ ಚೆನ್ನಾಗೇ ಕಾಣುತ್ತೆ, ಒಳಗೆ ಟೊಳ್ಳು. ಸಣ್ಣ ಬಿರುಕಿದ್ರೂ ಸೋಂಕು ಇಳಿಯುತ್ತೆ" ಎಂದರು. "ಸಾಮಾನ್ಯವಾಗಿ ಈ ರೋಗ ತಂದೆಗಿದ್ರೆ ಹೆಣ್ಣುಮಕ್ಕಳಿಗೆಲ್ಲ ಬರುತ್ತೆ. ರಕ್ತ, ಮೂತ್ರ ಪರೀಕ್ಷೆ ಮಾಡಿಸೋಣ. ಈಗ್ಲೇ ಔಷಧಿ ಶುರುವಾದ್ರೆ ಕಾಲು ಎಷ್ಟೋ ಸುಧಾರಿಸುತ್ತೆ. ಉಳಿದ ಹಲ್ಲುಗಳಿಗೂ ಮುಂಚೆಯೇ ಲೇಪ ಹಾಕಬಹುದು. ಎರಡು ವರ್ಷ ಮೊದಲೇ ಬಂದಿದ್ರೆ..."

ಅವನ ಮುಖ ನೋಡಿ, "ರೋಗ ನಿಮ್ಮ ತಪ್ಪಲ್ಲ" ಎಂದರು.

"ರೋಗ ಅಲ್ಲ, ಸುಳ್ಳು."

ಡಾಕ್ಟರಮ್ಮ ಬಾಗಿಲ ಕಡೆ ನೋಡಿದರು.

"ನಿಮ್ಮ ಹೆಂಡತಿಗೆ ಇದು ಗೊತ್ತಾ?"

"ಇಲ್ಲ. ಅವಳು ಅಲ್ಲಿ ಮಗು ಎಲ್ಲೆಲ್ಲಿ ಬಿತ್ತು ಅಂತ ಲೆಕ್ಕ ಹಾಕ್ತಾ ಕೂತಿದಾಳೆ. ಹೇಳ್ತೀನಿ ಡಾಕ್ಟ್ರೇ, ಅವಳ ಅಮ್ಮನಿಗೂ ಹೇಳ್ತೀನಿ, ಮೊದಲು ಅವಳಿಗೆ ನಾನು..." ಎನ್ನುತ್ತಲೇ ಅವನು ಬಾಗಿಲು ತೆರೆದು ಬೆಂಚಿನ ಕಡೆಗೆ ನಡೆದ.