ಎದುರು ಕೂತವಳು

ಆ ಮಹಾನುಭಾವ ಕಲಾವಿದನಾದ ದಿನದಿಂದ ಮನೆಯಲ್ಲಿ ಒಂದು ಲೋಟವನ್ನೂ ತೊಳೆದವನಲ್ಲ. ಡಿಜೆ ಹಾಡು ಹಾಕಿ ಸಾವಿರ ಜನ ಕುಣಿಯುವ ಕಡೆ, ಬೆರಳ ತುದಿಗೊಂದು ಪುಟ್ಟ ಬಲ್ಬು ಸೇರಿಸಿದ ಕೈಗವಸು ತೊಟ್ಟು, ಯಾರದಾದರೂ ಮೂಗಿನ ಮುಂದೆ ಕೈಯಾಡಿಸುತ್ತ ಬೆಳಕಿನ ಅಲೆ, ಸುರುಳಿ ಬರೆಯುವುದು ಅವನ ಕಲೆ. ಜನ ಅವನನ್ನು ಮಿಂಚಣ್ಣ ಎನ್ನುತ್ತಿದ್ದರು. ಆ ಹೆಸರನ್ನು ತಲೆಯ ಮೇಲೆ ಹೊತ್ತುಕೊಂಡೇ ಮನೆಯೊಳಗೂ ಓಡಾಡುತ್ತಿದ್ದ.

"ಸೋಪು ತಾಕಿದ್ರೆ ಬೆರಳು ಬಿರುಸಾಗುತ್ತೆ ಕಣೇ" ಎನ್ನುತ್ತಿದ್ದ ಹೆಂಡತಿಗೆ.

"ಅವನ ಕೈ ದೇವರು ಕೊಟ್ಟಿದ್ದು" ಎಂದು ಅತ್ತೆ ದನಿಗೂಡಿಸುತ್ತಿದ್ದಳು. ಸೊಸೆಯ ಕೈ ಯಾವ ಅಂಗಡಿಯದೋ, ಇಬ್ಬರೂ ಹೇಳಲಿಲ್ಲ.

ಹತ್ತೂ ಬಲ್ಬು ಬಿಚ್ಚುವುದು, ಬೆವರು ನಾರುವ ಗವಸನ್ನು ನೆನೆಹಾಕಿ ಉಜ್ಜುವುದು, ಹರಿದ ತುದಿ ಹೊಲಿಯುವುದು, ಗುಂಡಿಯಷ್ಟು ಬ್ಯಾಟರಿ ಬದಲಿಸಿ ಬಲ್ಬು ಮತ್ತೆ ತುಂಬುವುದು, ಎಲ್ಲ ಅವಳ ಪಾಲು. ಅದರ ಮೇಲೆ ದಿನಾ ಒಂದು ಗಂಟೆ ಪರದೆ ಎಳೆದ ಕೋಣೆಯಲ್ಲಿ ಅವನೆದುರು ಕೂರಬೇಕು. ನೋಡುವ ಕಣ್ಣಿಲ್ಲದೆ ಈ ಕಲೆಯ ಅಭ್ಯಾಸ ನಡೆಯದು. ಕತ್ತಲಲ್ಲಿ ಬಟಾಣಿ ಸುಲಿಯಬಹುದೆಂಬುದೊಂದೇ ಅವಳಿಗಾದ ಲಾಭ.

"ಕಿರುಬೆರಳು ಹಿಂದೆ ಬೀಳ್ತಿದೆ ರೀ."

"ನಿಂಗೇನು ಗೊತ್ತು? ಅದು ನನ್ನ ಸ್ಟೈಲು."

ಮರುದಿನ ಕಿರುಬೆರಳು ಸರಿಹೋಗಿರುತ್ತಿತ್ತು. ಸ್ಟೈಲು ಎಲ್ಲಿಗೆ ಹೋಯಿತೆಂದು ಅವಳು ಕೇಳುತ್ತಿರಲಿಲ್ಲ.

ಎಂಟು ವರ್ಷ ಹೀಗೆ ಕೂತವಳಿಗೆ ಕಲೆ ಕಣ್ಣಿನಿಂದ ಕೈಗೆ ಇಳಿದಿತ್ತು. ಅವನು ಬಿಸಾಡಿದ ಗವಸನ್ನು ತನ್ನ ಬೆರಳಿಗೆ ಸರಿಯಾಗಿ ಬಿಗಿ ಮಾಡಿ ಹೊಲಿದು, ಹಳೆಯ ಬಲ್ಬು ತುಂಬಿಕೊಂಡು, ಮಧ್ಯಾಹ್ನ ದೀಪ ಆರಿಸಿ ಬಚ್ಚಲುಮನೆಯ ಕನ್ನಡಿಯ ಮುಂದೆ ಆಡಿಸುತ್ತಿದ್ದಳು. ಇದೇ ಬೆಳಕಿನಾಟ ಆಡುತ್ತ ಊರೂರು ತಿರುಗುವ ತಂಡವೊಂದು ಒಬ್ಬರನ್ನು ಸೇರಿಸಿಕೊಳ್ಳುತ್ತದೆಂದು ಸುದ್ದಿ ಬಂದಾಗ ಅವನು ಅರ್ಜಿ ಬರೆಸಿದ್ದೂ ಅವಳ ಕೈಯಲ್ಲೇ. ಅವಳು ಎರಡು ಬರೆದಳು. ಆ ಒಂದು ಜಾಗ ತನಗೆ ಬೇಕು ಎನ್ನುವುದನ್ನು ಆಯ್ಕೆಯ ದಿನ ಬೆಳಿಗ್ಗೆಯಷ್ಟೇ ಬಾಯಿಬಿಟ್ಟು ಹೇಳಿದಳು.

ಮಿಂಚಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ನಗಾಡಿ. ಇವತ್ತು ನಿಮ್ಮ ಗವಸು ನೀವೇ ನೋಡ್ಕೊಳ್ಳಿ."

"ಅದೇನು ಬ್ರಹ್ಮವಿದ್ಯೆನಾ?"

ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗವಸು ಸೋಪಿನ ನೀರಿನ ಬಕೆಟ್ಟಿನಲ್ಲಿತ್ತು, ಹತ್ತೂ ಬಲ್ಬುಗಳ ಸಮೇತ. ಒಗೆಯುವ ಮುಂಚೆ ಅವನ್ನು ಬಿಚ್ಚಬೇಕೆಂದು ಕಲಾವಿದನಿಗೆ ಗೊತ್ತೇ ಇರಲಿಲ್ಲ.

"ರೀ, ಅದರ ಬಲ್ಬು..."

"ನೀನು ಬಾಯಿ ಮುಚ್ಕೊಂಡಿರು. ನಂಗೆ ಬರುತ್ತೆ."

ಅವಳು ಬಾಯಿ ಮುಚ್ಚಿಕೊಂಡಳು.

ಆಯ್ಕೆ ನಡೆಯುವ ಸಭಾಂಗಣದ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದರು. ತಂಡದ ಯಜಮಾನಿ ಕುರ್ಚಿಯಲ್ಲಿ ಕೂತಿದ್ದಳು. ಮಿಂಚಣ್ಣ ಅವಳ ಮುಂದೆ ಮೊಣಕಾಲೂರಿ ಕೈಯೆತ್ತಿದ. ಎರಡು ಬೆರಳು ಹೊತ್ತಿದವು, ಒಂದು ಆರಿತು. ಉಳಿದ ಒಂದೇ ಬೆರಳಲ್ಲಿ ಸುರುಳಿ ಬರೆಯಲು ಹೊರಟ, ಅದೂ ಕೈಕೊಟ್ಟಿತು.

"ಗವಸು ನೆನೆದಿದೆಯಲ್ಲ, ಯಾರು ಒಗೆದಿದ್ದು?" ಎಂದಳು ಯಜಮಾನಿ.

"ನನ್ನ ಹೆಂಡ್ತಿ" ಎಂದ, ಸ್ವಲ್ಪವೂ ತಡವರಿಸದೆ.

ಅಷ್ಟು ಹೇಳಿ, ಇನ್ನೊಂದು ಅವಕಾಶ ಕೇಳಿಕೊಂಡವನು ನೇರ ಹೆಂಡತಿಯ ಬಳಿ ಬಂದು ಕೈಚಾಚಿದ. "ನಿನ್ನ ಗವಸು ಕೊಡು. ಇನ್ನೊಂದು ಸಲ ಆಡಿಸ್ತೀನಿ ಅಂದಿದ್ದೀನಿ."

ಅವಳ ಸರದಿ ಕೂಗಿದರು. ಕೊಟ್ಟರೆ ಅವಳ ಕೈ ಬರಿದು. ಕೊಡುವುದು ಎಷ್ಟು ಅಭ್ಯಾಸವಾಗಿತ್ತೆಂದರೆ ಬೆರಳುಗಳು ಆಗಲೇ ಗವಸು ಕಳಚತೊಡಗಿದ್ದವು. ನೋಡಿಕೊಂಡು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇದು ನನ್ನ ಅಳತೆಗೆ ಹೊಲಿದಿದ್ದು, ನಿಮ್ಮ ಕೈಗೆ ಆಗಲ್ಲ" ಎಂದು ಮತ್ತೆ ಮೇಲೆಳೆದುಕೊಂಡು ನಡೆದಳು.

ಆಡಿಸಿ ಮುಗಿಸಿದಾಗ ಯಜಮಾನಿ ಹೊಗಳಲಿಲ್ಲ. "ಎಡ ಹೆಬ್ಬೆರಳು ಮುಗ್ಗರಿಸ್ತಿದೆ. ಸೋಮವಾರ ಹತ್ತು ಗಂಟೆಗೆ ತಾಲೀಮಿಗೆ ಬನ್ನಿ, ತಿದ್ದೋಣ" ಎಂದಳು. ಅದೇ ಆಯ್ಕೆ ಎಂದು ಅರ್ಥವಾಗಲು ಅವಳಿಗೆ ಒಂದು ಗಳಿಗೆ ಹಿಡಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಮಿಂಚಣ್ಣ ಎರಡು ನಿಲ್ದಾಣ ಮುಖ ಗಂಟಿಕ್ಕಿಕೊಂಡಿದ್ದ. ಮೂರನೆಯದಕ್ಕೆ ಗುರುವಾದ.

"ಹೆಬ್ಬೆರಳು ಹೀಗೆ ಮಡಚಬೇಕು ಕಣೇ. ನಾನು ಹೇಳ್ಕೊಡ್ತೀನಿ ಬಿಡು." ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಾ, ಸೋಮವಾರ ಹತ್ತಕ್ಕೆ ನೀನು ಹೋದ್ರೆ ಅಡುಗೆ?"

"ಬೇಗ ಏಳಿ" ಎಂದಳು.