ಧೂಳಿನ ಮುಂದೆ ಹೋದ ಜಯಮ್ಮ ಟೀಚರ್

ನಮ್ಮ ಬೀದಿಯಲ್ಲಿ ಯಾರು ಏನು ಕೊಂಡುತಂದರೂ ಜಯಮ್ಮ ಟೀಚರ್ ಕೇಳುತ್ತಿದ್ದದ್ದು ಒಂದೇ ಮಾತು: “ಪುಸ್ತಕ ಕೊಟ್ಟವ್ರಾ?”

ಬೆಲೆ ಕೇಳುತ್ತಿರಲಿಲ್ಲ, ಬಣ್ಣ ನೋಡುತ್ತಿರಲಿಲ್ಲ. ಮಿಕ್ಸಿಯಾಗಲಿ, ಕುಕ್ಕರಾಗಲಿ, ಬಿ.ಪಿ. ನೋಡುವ ಯಂತ್ರವಾಗಲಿ, ಡಬ್ಬದ ತಳದಲ್ಲಿ ಮಡಚಿಟ್ಟ, ಬೇರೆ ಯಾರೂ ಓದದ ಆ ತೆಳು ಪುಸ್ತಕ ಮೊದಲು ಅವರ ಕೈಗೆ ಬರಬೇಕು. ಜಗಲಿಯ ಮೇಲೆ ಕಾಲು ಚಾಚಿ ಕೂತು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಆಮೇಲೆ ಆ ಮನೆಗೆ ಹೋಗಿ ತಪಾಸಣೆ ಮಾಡುತ್ತಿದ್ದರು. ಎದುರು ಮನೆಯಾಕೆ ಕುಕ್ಕರಿನ ರಬ್ಬರಿಗೆ ಎಣ್ಣೆ ಸವರದೆ ಇಟ್ಟಿದ್ದಕ್ಕೆ ಬೈಸಿಕೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ. “ಇದನ್ನೆಲ್ಲ ಯಾಕೆ ಓದ್ತೀರಾ ಟೀಚರ್?” ಎಂದು ಕೇಳಿದರೆ ಅವರ ಉತ್ತರ ಸಿದ್ಧವಿರುತ್ತಿತ್ತು. “ಬರೆದವ್ನು ಯಾರೋ ಪಾಪ, ಕಷ್ಟಪಟ್ಟು ಬರೆದವ್ನೆ. ಒಬ್ರಾದ್ರೂ ಓದ್ಬೇಕಲ್ಲಪ್ಪಾ!”

ಮಧುಗಿರಿಯ ಕೋಟೆಬೆಟ್ಟದ ಬುಡದಲ್ಲಿರುವ ನಮ್ಮ ಬೀದಿಯಲ್ಲಿ ಅವರು ಅಣ್ಣ ರುದ್ರಣ್ಣನವರ ಮನೆಯಲ್ಲಿದ್ದರು. ಮದುವೆಯಾಗಿರಲಿಲ್ಲ. ಹಣೆಯ ಮೇಲೆ ವಿಭೂತಿ, ತೋಳಿಗೆ ಜೋತುಬಿದ್ದ ಬಟ್ಟೆಯ ಚೀಲ, ಒಂದು ಕಡೆ ದಾರ ಕಟ್ಟಿದ ಕನ್ನಡಕ. ಬದುಕೆಲ್ಲ ಪ್ರೈಮರಿ ಶಾಲೆಯ ಟೀಚರಾಗಿ, ಪಾವಗಡದ ಕಡೆಯ ಹಳ್ಳಿಗಳಲ್ಲಿ ದುಡಿದು ನಿವೃತ್ತರಾಗಿದ್ದರು. ಮಂಡಿ ಸವೆದುಹೋಗಿ ನಡಿಗೆ ಓಲಾಡುತ್ತಿತ್ತು.

ನಾನು ಪಶು ಆಸ್ಪತ್ರೆಯ ನೌಕರ. ಮಿಡಿಗೇಶಿ ಸುತ್ತಿನ ಹಳ್ಳಿಗಳಿಗೆ ಹೋಗಿ ದನಕರುಗಳಿಗೆ ಚುಚ್ಚುಮದ್ದು ಹಾಕುವುದು ನನ್ನ ಕೆಲಸ. ಅದಕ್ಕೆಂದು ಹೊಸ ಬೈಕು ತಂದ ದಿನ, ನಾನಿನ್ನೂ ಸ್ಟ್ಯಾಂಡ್ ಹಾಕಿರಲಿಲ್ಲ, ಟೀಚರ್ ಗೇಟಿನಲ್ಲಿ ನಿಂತು ಕೈ ಚಾಚಿದ್ದರು. ಪುಸ್ತಕ ಹೋಯಿತು. ಮಾರನೆಯ ಬೆಳಿಗ್ಗೆ ಅಪ್ಪಣೆ ಬಂತು.

“ಮೊದಲ್ನೇ ಸರ್ವೀಸ್ ಆಗೋಗಂಟ ಜೋರಾಗಿ ಓಡಿಸ್ಬಾರ್ದು. ಒಳಗಿನ ಸಾಮಾನೆಲ್ಲ ಇನ್ನೂ ಒಂದಕ್ಕೊಂದು ಗುರ್ತಾಗಿಲ್ವಂತೆ. ಉಜ್ಜಿ ಉಜ್ಜಿ ಹೊಂದ್ಕೋಬೇಕಂತೆ. ಒಂದೇ ಸ್ಪೀಡಲ್ಲಿ ದೂರ ಹೋಗಂಗಿಲ್ಲ, ಹೆಚ್ಚು ಕಮ್ಮಿ ಮಾಡ್ತಾ ಇರ್ಬೇಕು.” ಆಮೇಲೆ ತಮ್ಮದೇ ಟಿಪ್ಪಣಿ: “ಅದು ಸರೀನೇ. ಒಂದೇ ದನೀಲಿ ಪಾಠ ಮಾಡುದ್ರೆ ಮಕ್ಳು ನಿದ್ದೆ ಹೊಡೀತವೆ.”

“ಎಲ್ಲಾ ಹೊಸದ್ರಲ್ಲಿ ಹಿಂಗೇ ಟೀಚರ್. ಹೊಸದ್ರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅಂತಾರಲ್ಲ,” ಎಂದು ನಗಾಡಿದೆ.

“ಒಗೀಲಿ ಬುಡು. ಮೊದಲ್ನೇ ದಿನಾನೇ ಬಂಡೆಗೆ ಬಡಿದು ಹರೀದಿದ್ರೆ ಸಾಕು.”

ಬೈಕಿನ ಪೂಜೆಯ ದಿನ ಅವರು ಮಾಡಿದ ರಂಪ ಇನ್ನೂ ದೇವಸ್ಥಾನದ ಬೀದಿಯಲ್ಲಿ ಕಥೆಯಾಗಿದೆ. ಪೂಜಾರಪ್ಪ ಹಾರ ಹಾಕಿ, ಹ್ಯಾಂಡಲಿಗೆ ಅರಿಶಿನದ ಕೊಂಬಿನ ಕಂಕಣ ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, “ಹೂಂ, ಒಂದ್ಸಲ ರೊಯ್ಯನೆ ಎತ್ತಪ್ಪಾ” ಎಂದರು. ನಮ್ಮ ಕಡೆ ಎಲ್ಲರೂ ಹಾಗೇ ಮಾಡುವುದು. ಇಂಜಿನ್ನು ಅರಚಬೇಕು, ನಿಂಬೆಹಣ್ಣು ಪಚಕ್ಕೆನ್ನಬೇಕು. ಟೀಚರ್ ಅಡ್ಡ ನಿಂತುಬಿಟ್ಟರು. “ತಣ್ಣಗಿರೋ ಹೊಸ ಇಂಜಿನ್ನ ಅಂಗೆಲ್ಲ ಅರಚಿಸ್ಬಾರ್ದು ಅಂತ ಬರೆದವ್ರೆ ಸ್ವಾಮಿ. ನೂಕ್ಲಾ!” ಪೂಜಾರಪ್ಪ, ಹೂವು ಮಾರುವವನು ಮತ್ತು ನಾನು ಸೇರಿ ಬೈಕನ್ನು ನಿಂಬೆಹಣ್ಣಿನ ಮೇಲೆ ಕೈಯಲ್ಲೇ ನೂಕಿದೆವು. ಹಣ್ಣು ಒಡೆಯದೆ ಪಕ್ಕಕ್ಕೆ ಜಾರಿತು. ಮತ್ತೆ ಹಿಂದಕ್ಕೆ ಎಳೆದು ನೂಕಿದೆವು. ಹಿಂದೆ ಕಾರಿನ ಪೂಜೆಗೆ ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಟೀಚರ್ ಮಾತ್ರ ಬಗ್ಗಿ ನಿಂಬೆಹಣ್ಣನ್ನೇ ನೋಡುತ್ತಿದ್ದರು. ಅದು ಒಡೆದ ಮೇಲೆಯೇ ಅವರ ಮುಖ ಅರಳಿದ್ದು.

ಆಮೇಲೆ ಎಣ್ಣೆಯ ಪರೀಕ್ಷೆ. ಇಂಜಿನ್ನಿನ ಎಣ್ಣೆ ಎಷ್ಟಿದೆ ಎಂದು ನೋಡಲು ಬೈಕು ಸಮತಟ್ಟಾದ ನೆಲದ ಮೇಲೆ ನಿಂತಿರಬೇಕು ಎಂದು ಪುಸ್ತಕದಲ್ಲಿತ್ತು. ಬೆಟ್ಟದ ಬುಡದ ಊರಿನಲ್ಲಿ ಸಮತಟ್ಟು ಎಲ್ಲಿಂದ ತರುವುದು? ಟೀಚರ್ ಒಂದು ಚೊಂಬು ನೀರು ಹಿಡಿದು ಹೊರಟರು. ಒಂದೊಂದು ಕಡೆ ನಿಂತು ಒಂದಿಷ್ಟು ನೀರು ಸುರಿಯುವುದು, ಅದು ಎತ್ತ ಹರಿಯುತ್ತದೆ ಎಂದು ನೋಡುವುದು, ತಲೆಯಾಡಿಸುವುದು. ಹಿಂದೆ ನಾನು ಬೈಕು ತಳ್ಳಿಕೊಂಡು ಹೋಗುತ್ತಿದ್ದೆ. ಯಾರೋ ಕಟ್ಟೆಯ ಮೇಲಿಂದ, “ಏನಮ್ಮಾ, ಬೋರ್‌ವೆಲ್ ಪಾಯಿಂಟ್ ನೋಡ್ತಿದ್ದೀರಾ?” ಎಂದು ಕೂಗಿದರು. ಕೊನೆಗೆ ನೀರು ಅತ್ತಿತ್ತ ಹರಿಯದೆ ನಿಂತಲ್ಲೇ ನಿಂತದ್ದು ಹಳೆಯ ಸರ್ಕಾರಿ ಶಾಲೆಯ ಮೈದಾನದಲ್ಲಿ.

ಎಣ್ಣೆ ಸರಿಯಾಗಿತ್ತು. ನಾನು ಹೊರಡಲು ನೋಡಿದರೆ ಟೀಚರ್ ಹ್ಯಾಂಡಲ್ ಬಿಡಲಿಲ್ಲ.

“ಲೇ, ನಂಗೂ ಓಡ್ಸೋದು ಕಲಿಸ್ಕೊಡ್ತೀಯಾ?”

ನಾನು ನಕ್ಕೆ. ಅವರು ನಗಲಿಲ್ಲ. ಮೈದಾನದ ಕಲ್ಲುಬೆಂಚಿನ ಮೇಲೆ ಕೂತು, ಯಾರಿಗೂ ಹೇಳಿರದ ಒಂದು ವಿಷಯ ಹೇಳಿದರು. ಮೊದಲ ನೌಕರಿ ಪಾವಗಡ ರಸ್ತೆಯ ಒಂದು ಹಟ್ಟಿಯಲ್ಲಿ. ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಒಳಗೆ ಕೆಂಪು ಮಣ್ಣಿನ ದಾರಿ, ನಡೆಯಬೇಕು.

“ಹೆಡ್ಮೇಷ್ಟ್ರು ದಿನಾ ಮೋಟರ್‌ಬೈಕಲ್ಲಿ ನನ್ನ ದಾಟ್ಕೊಂಡು ಹೋಗೋರು. ವಯಸ್ಸಿನ ಹುಡುಗೀನ ಹಿಂದೆ ಕೂರಿಸ್ಕೊಂಡ್ರೆ ಜನ ಏನಂತಾರೆ ಅಂತ ನಿಲ್ಲಿಸ್ತಿರ್ಲಿಲ್ಲ. ಅದು ಸರಿ, ನಾನೂ ಹತ್ತುತ್ತಿರ್ಲಿಲ್ಲ. ಆದ್ರೆ ಆ ಧೂಳು ಕಣ್ಲಾ! ತಲೆಗೂದ್ಲು, ಸೀರೆ, ಊಟದ ಡಬ್ಬಿ ಎಲ್ಲಾ ಕೆಂಪು. ಮಕ್ಳು ನನ್ನ ಎರ್ರ ಟೀಚರ್ ಅನ್ನೋವು, ಕೆಂಪು ಟೀಚರ್ ಅಂತ.” ಸೆರಗು ಕೊಡವಿಕೊಂಡು ಹೇಳಿದರು. “ಧೂಳಿನ ಹಿಂದೆ ಹೆಂಗಿರ್ತದೆ ಅಂತ ಗೊತ್ತು. ಮುಂದೆ ಹೆಂಗಿರ್ತದೆ ಅಂತ ಒಂದ್ಸಲ ನೋಡ್ಬೇಕು.”

“ಸ್ಕೂಟರಾದ್ರೆ ಸುಲಭ ಟೀಚರ್.”

“ಅದು ಓಡ್ಸೋದಲ್ಲ, ಕೂತ್ಕೊಳ್ಳೋದು. ನೋಡು, ಈ ಬೈಕಿಗೂ ನಿಧಾನ ಬೇಕು, ನಂಗೂ ನಿಧಾನ ಬೇಕು. ಸರ್ವೀಸ್ ಆದ್ಮೇಲೆ ನೀನು ಹಾರ್ಕೊಂಡು ಹೋಗ್ಬುಡ್ತೀಯಾ. ಅದಕ್ಕೂ ಮುಂಚೆ ನಾನು ಕಲ್ತ್‌ಬುಡ್ಬೇಕು.”

ನಾನು ಒಪ್ಪಿಕೊಂಡೆ. ಕಲಿಯುವವರ ಲೈಸೆನ್ಸು ಮಾಡಿಸಿದೆವು. ರುದ್ರಣ್ಣನವರು ಕುಣಿದಾಡಿದರು. “ಈ ವಯಸ್ಸಲ್ಲಿ ಸೊಂಟ ಮುರ್ಕೊಂಡ್ರೆ ಯಾರು ನೋಡ್ಕೊಳ್ಳೋದು?” ಟೀಚರ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಹೆಲ್ಮೆಟ್ಟು ಹಿಡಿದು ಮೈದಾನಕ್ಕೆ ನಡೆದರು.

ಹೇಳಿಕೊಡುವಾಗ ಎಷ್ಟು ಜೋರಿದ್ದರೋ ಕಲಿಯುವಾಗ ಅಷ್ಟೇ ವಿನಯ. ಇಂಜಿನ್ನು ಆರಿಹೋದರೆ ಬೈಕಿಗೆ “ಸಾರಿ” ಎನ್ನುತ್ತಿದ್ದರು. ಒಮ್ಮೆ ಬೇಲಿಗೆ ನುಗ್ಗಿ ಲಾಂಟಾನ ಪೊದೆಯೊಳಗಿಂದ ಎದ್ದುಬಂದು ಮೊದಲು ನೋಡಿದ್ದು ಹ್ಯಾಂಡಲಿನ ಕಂಕಣ ಕಿತ್ತುಹೋಯಿತೇ ಎಂದು. ಗೇರು ಹಾಕುವಾಗ ಬಾಯಲ್ಲಿ “ಒಕಟಿ, ರೆಂಡು, ಮೂಡು” ಎಂದು ಎಣಿಸುತ್ತಿದ್ದರು. ತೆಲುಗು ಯಾಕೆ ಎಂದು ಕೇಳಿದೆ. “ಗಾಬ್ರಿಯಾದ್ರೆ ನಂಗೆ ತೆಲುಗು ಬರ್ತದೆ. ಮೊದಲ್ನೇ ಸಲ ಗಾಬ್ರಿಯಾಗಿದ್ದು ಆ ಸ್ಕೂಲಲ್ಲೇ ಅಲ್ವಾ. ಒಂದು ಮಗೂಗೂ ಕನ್ನಡ ಬರ್ತಿರ್ಲಿಲ್ಲ.”

ಮೊದಲ ಸರ್ವೀಸಿನ ಹಿಂದಿನ ಭಾನುವಾರ ನಾವು ಆ ಹಟ್ಟಿಗೆ ಹೊರಟೆವು. ಡಾಂಬರು ರಸ್ತೆಯಲ್ಲಿ ಅವರಿಗೆ ಬೈಕು ಕೊಡುವ ಧೈರ್ಯ ನನಗಿರಲಿಲ್ಲ, ಅವರಿಗೂ ಇರಲಿಲ್ಲ. ಮಿಡಿಗೇಶಿ ದಾಟಿ ಪಾವಗಡದ ಕಡೆಗೆ, ಕ್ರಾಸಿನವರೆಗೂ ನಾನೇ ಓಡಿಸಿದೆ. ಇಂಜಿನ್ನು ತಣ್ಣಗಾಗಲಿ ಎಂದು ಟೀಚರ್ ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಲು ಹೇಳಿದರು. ನಿಂತಲ್ಲೆಲ್ಲ ಯಾರನ್ನಾದರೂ ಹಿಡಿದು, ಈ ಕಡಲೆಕಾಯಿ ಯಾವ ತಳಿ, ಆ ಗುಡ್ಡದಲ್ಲಿ ಕರಡಿ ಇನ್ನೂ ಇದೆಯಾ ಎಂದು ಕೇಳಿ ತಿಳಿದುಕೊಂಡರು.

ಕ್ರಾಸಿನಲ್ಲಿ ನಾನು ಇಳಿದೆ. ದಾರಿ ಇಂದಿಗೂ ಕೆಂಪು ಮಣ್ಣಿನದೇ, ಬಸ್ಸು ಇಂದಿಗೂ ಇಲ್ಲ. ಟೀಚರ್ ಕನ್ನಡಕ ಒರೆಸಿ ಮುಂದಕ್ಕೆ ಕೂತರು. “ನೀನು ಹಿಂದೆ ನಡ್ಕೊಂಡು ಬಾ. ಧೂಳು ಕುಡಿಯೋರು ಒಬ್ರು ಬೇಕಲ್ಲ,” ಎಂದು ತಮಾಷೆ ಮಾಡಿದರು. “ಒಕಟಿ” ಎಂದರು. ಬೈಕು ಒಂದು ಸಲ ಮುಗ್ಗರಿಸಿ, ಚಲಿಸಿತು. ಸ್ವಲ್ಪ ದೂರದಲ್ಲಿ “ರೆಂಡು” ಕೇಳಿಸಿತು. ನಾನು ಕರ್ಚೀಫು ತೆಗೆದು ಮೂಗಿಗೆ ಕಟ್ಟಿಕೊಂಡು ಹಿಂದೆ ಹೊರಟೆ. ಬಿದ್ದರೆ ಓಡಬೇಕಲ್ಲ ಎಂಬ ಆತಂಕದಲ್ಲಿ ಬೇರೇನೂ ನನ್ನ ತಲೆಗೆ ಹೋಗಲಿಲ್ಲ. ಅವರು ಬೀಳಲಿಲ್ಲ. ಬೇವಿನ ಮರಗಳ ತಿರುವಿನಲ್ಲಿ ಮರೆಯಾದರು.

ನಾನು ಹಟ್ಟಿ ಮುಟ್ಟಿದಾಗ ಶಾಲೆಯ ಅಂಗಳದಲ್ಲಿ ಬೈಕು ನಿಂತಿತ್ತು. ಟೀಚರ್ ಇಳಿಯದೆ ಅದರ ಮೇಲೇ ಕೂತಿದ್ದರು. ಪಕ್ಕದಲ್ಲಿ ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ಒಬ್ಬ ಹೆಂಗಸು. ಟೀಚರ್ ಅವರ ಹಳೆಯ ವಿದ್ಯಾರ್ಥಿನಿ. ನಿನ್ನೆ ಮೊನ್ನೆ ನೋಡಿದವಳ ಹಾಗೆ, “ಟೀಚರಮ್ಮಾ, ಈ ರೋಜು ನಡಿಚಿ ರಾಲೇದಾ?” ಎಂದು ಕೇಳುತ್ತಿದ್ದಳು. ಇವತ್ತು ನಡೆದುಕೊಂಡು ಬರಲಿಲ್ವಾ ಎಂದು.

ಟೀಚರ್ ಹಿಗ್ಗಿರುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದರು. ನನ್ನ ಮೂಗಿನ ಕರ್ಚೀಫನ್ನು ತಾವೇ ಬಿಚ್ಚಿ ತಿರುಗಿಸಿ ನೋಡಿದರು. ಬಿಳಿಯದು ಬಿಳಿಯದಾಗಿಯೇ ಇತ್ತು.

“ಧೂಳೇ ಎದ್ದಿಲ್ಲ ಕಣ್ಲಾ.”

“ನಿಧಾನಕ್ಕೆ ಬಂದ್ರಲ್ಲ ಟೀಚರ್, ಹೆಂಗೆ ಏಳ್ತದೆ?”

ಅವರು ದಾರಿಯ ಕಡೆ ತಿರುಗಿದರು. ಕಣ್ಣು ತುಂಬಿಕೊಂಡಿತ್ತು.

“ಇಷ್ಟೇನಾ? ಹೆಡ್ಮೇಷ್ಟ್ರು ನನ್ನ ಹತ್ರ ಬಂದಾಗ ಒಂಚೂರು ಕೈ ಸಡ್ಲ ಮಾಡಿದ್ರೆ ಸಾಕಾಗಿತ್ತಾ? ಹತ್ತಿಸ್ಕೊಳ್ಳೋದೂ ಬ್ಯಾಡಾಗಿತ್ತು, ಮಾತಾಡ್ಸೋದೂ ಬ್ಯಾಡಾಗಿತ್ತು. ಅಷ್ಟು ವರ್ಷ ನಾನು ದಾರೀನ ಬೈಕೊಂಡೆ ಕಣ್ಲಾ. ಮಣ್ಣೇ ಅಂಥದ್ದು ಅಂದ್ಕೊಂಡೆ.”

ಆ ಹೆಂಗಸು ಮಜ್ಜಿಗೆ ತಂದುಕೊಟ್ಟಳು. ಕುಡಿದು ಮುಗಿಸುವ ಹೊತ್ತಿಗೆ ಟೀಚರ್ ಮೊದಲಿನಂತಾಗಿ, ಮುಚ್ಚಿದ್ದ ಶಾಲೆಯ ಕಿಟಕಿಯಲ್ಲಿ ಇಣುಕಿ ಕರಿಹಲಗೆ ಇನ್ನೂ ಇದೆಯೇ ಎಂದು ನೋಡುತ್ತಿದ್ದರು.

ಸರ್ವೀಸಿಗೂ ನನ್ನ ಜೊತೆ ಬಂದರು. ಇಂಜಿನ್ನಿನಿಂದ ಇಳಿಸಿದ ಎಣ್ಣೆಯನ್ನು ಬಿಸಿಲಿಗೆ ಹಿಡಿದು, ಅದರಲ್ಲಿ ಮಿನುಗುತ್ತಿದ್ದ ಕಬ್ಬಿಣದ ಸಣ್ಣ ಪುಡಿಯನ್ನು ಬಹಳ ಹೊತ್ತು ನೋಡಿದರು. “ಹೊಂದ್ಕೊಂಡ್ವು ನೋಡು,” ಎಂದು ಕಂಕಣವನ್ನು ಬಿಚ್ಚಿ ನನ್ನ ಕೈಗಿಟ್ಟರು. ಮತ್ತೆ ಬೈಕು ಓಡಿಸಲು ಕೇಳಲಿಲ್ಲ. ನಾನೇ ಕರೆದರೂ “ನೋಡಿದ್ನಲ್ಲ, ಸಾಕು” ಎಂದರು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅದರ ಹಿಂದಿನ ವಾರ ನೋಡಲು ಹೋಗಿದ್ದಾಗ ಮಾತು ತೊದಲುತ್ತಿತ್ತು. “ಚೈನಿಗೆ ಎಣ್ಣೆ ಬಿಟ್ಯಾ?” ಎಂದು ಕೇಳಿದರು. ಬಿಟ್ಟಿದ್ದೇನೆ ಎಂದೆ. ಅವರಿಲ್ಲದ ಬೀದಿ ನನಗೆ ಇನ್ನೂ ಒಗ್ಗಿಲ್ಲ.

ಬೈಕು ಈಗ ಹಳೆಯದಾಗಿದೆ, ಸೀಟು ಹರಿದಿದೆ, ಪಾವಗಡದ ರಸ್ತೆಯಲ್ಲಿ ನಾನೂ ಎಲ್ಲರಂತೆ ಜೋರಾಗಿಯೇ ಹೋಗುತ್ತೇನೆ. ಚುಚ್ಚುಮದ್ದಿನ ಕೆಲಸಕ್ಕೆ ಆ ಹಟ್ಟಿಯ ದಾರಿಗೆ ಇಳಿದಾಗ ಮಾತ್ರ ಕೈ ತಾನಾಗಿ ಸಡಿಲವಾಗುತ್ತದೆ. ನಡೆದು ಹೋಗುವವರು ಯಾರಾದರೂ ಮುಂದೆ ಕಂಡರೆ ಗೇರು ಇಳಿಸಿ, ಬೈಕು ಹೊಸದಿದ್ದಾಗ ಓಡಿಸುತ್ತಿದ್ದಂತೆ ಮೆಲ್ಲಗೆ ದಾಟಿ, ಒಮ್ಮೆ ಹಿಂದೆ ತಿರುಗಿ ಅವರ ಬಟ್ಟೆಯ ಬಣ್ಣ ನೋಡಿಕೊಳ್ಳುತ್ತೇನೆ.