ಏಡಿಗೆ ಕಟ್ಟಿದ ಮುಳ್ಳು

ಮೊನ್ನೆ ಹೆಮ್ಮಿಗೆಯ ಕಡೆ ಹೋಗಿದ್ದೆ. ಪಟೇಲರ ತೋಟದ ತೆಂಗಿನ ಮರಗಳಿಗೆಲ್ಲ ಜಾಲಿಮುಳ್ಳು ಸುತ್ತಿದ್ದನ್ನು ಕಂಡು ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಆ ಮುಳ್ಳಿಗೆ ಮೂಲ ನಾನೇ ಸ್ವಾಮಿ.

ನಲವತ್ತು ವರ್ಷದ ಹಿಂದೆ ಆ ಊರಿನ ಶಾಲೆಗೆ ನಾನು ಮೇಷ್ಟರು. ಸಮುದ್ರ ಕಂಡವನಲ್ಲ, ನರಸೀಪುರದ ಸಂಗಮವೇ ನಾನು ಕಂಡ ದೊಡ್ಡ ನೀರು. ಆದರೂ ಸಂಜೆ ಶಾಲೆಯ ಜಗಲಿಯಲ್ಲಿ ಕೂತು, ಭೂಗೋಳದ ಪುಸ್ತಕ ಹಿಡಿದು, ಹವಳದ ದ್ವೀಪವನ್ನು ಅಲ್ಲೇ ಹುಟ್ಟಿ ಬೆಳೆದವನಂತೆ ಬಣ್ಣಿಸುತ್ತಿದ್ದೆ. ಸಣ್ಣ ಸಣ್ಣ ಹುಳುಗಳು ಕಟ್ಟಿದ ನೆಲ, ಬಳೆಯ ಹಾಗೆ ದುಂಡಗೆ. ಸುತ್ತ ಕಡಲು, ನಡುವೆ ತಿಳಿನೀರು. ಬೆಟ್ಟವಿಲ್ಲ, ಹೊಳೆಯಿಲ್ಲ. ಗೂಡು ಕಟ್ಟದೆ ಬರಿ ಕೊಂಬೆಯ ಮೇಲೆ ಮೊಟ್ಟೆಯಿಡುವ ಬಿಳಿ ಹಕ್ಕಿ. ತೆಂಗಿನ ಮರ ಹತ್ತಿ, ಕಾಯಿ ಸುಲಿದು ಒಡೆದು ತಿನ್ನುವ ಏಡಿ.

"ಅಂಥ ನೆಲ್ದಾಗೆ ಉಳೋನು ಎತ್ತು ಎಲ್ ತಿರುಗಿಸ್ತಾನೆ ಮೇಷ್ಟ್ರೇ?" ಎಂದು ಪಟೇಲರು ಕೇಳಿದರು. ಹಕ್ಕಿಯನ್ನು ಸೋಂಬೇರಿ ಎಂದು ಬೈದರು. ಏಡಿಯ ಬಗ್ಗೆ ಮಾತ್ರ ಯಾರೂ ತಕರಾರು ಮಾಡಲಿಲ್ಲ. ತೋಟದ ಕಾವಲುಗಾರ ಸಿದ್ದಯ್ಯ ಅದನ್ನು ಎರಡು ಸಲ ಹೇಳಿಸಿಕೊಂಡ.

ವಾರದೊಳಗೆ, ಪಟೇಲರ ತೋಟದಲ್ಲಿ ಕಾಯಿ ಕಳುವಾಗುತ್ತಿರುವುದು ಬಯಲಾಯಿತು. ಕಾಯುವವನೇ ಕಳ್ಳ ಎಂದು ಪಂಚಾಯಿತಿ ಸೇರಿತು. ತಪ್ಪು ಸಾಬೀತಾದರೆ ಸಿದ್ದಯ್ಯ ಹೆಂಡತಿ ಮಗಳನ್ನು ಕಟ್ಟಿಕೊಂಡು ಊರು ಬಿಡಬೇಕು.

"ಏಡಿ ಕೆಲ್ಸ ಬುದ್ಧಿ," ಎಂದ ಅವನು ಕೈಮುಗಿದು. "ಮೇಷ್ಟ್ರನ್ನೇ ಕೇಳಿ."

ಆ ಏಡಿ ಬೇರೆ, ನಮ್ಮ ಗದ್ದೆಯ ಏಡಿ ಬೇರೆ ಎನ್ನಲು ಬಾಯಿ ತೆರೆದೆ. ಸಿದ್ದಯ್ಯ ನನ್ನನ್ನೇ ನೋಡಿದ. ಎರಡು ತಿಂಗಳಿಂದ ಅವನು ನನ್ನ ಅಡಿಗೆಮನೆಗೆ ಕಾಯಿ ತಂದಿಡುತ್ತಿದ್ದ. ಎಲ್ಲಿಯದು ಎಂದು ನಾನು ಕೇಳಿರಲಿಲ್ಲ.

"ಪುಸ್ತಕದಲ್ಲಿ ಹಾಗಿದೆ," ಎಂದೆ.

ಗದ್ದೆಯಿಂದ ಒಂದು ಏಡಿ ತಂದು ಮರದ ಬುಡದಲ್ಲಿ ಬಿಟ್ಟರು. ಊರೆಲ್ಲ ಮಧ್ಯಾಹ್ನದವರೆಗೆ ಕಾದು ಕೂತಿತು. ಅದು ಅಡ್ಡಡ್ಡ ನಡೆದು ಹೋಗಿ ಶಾನುಭೋಗರ ಚಪ್ಪಲಿ ಸೇರಿಕೊಂಡಿತು. ಕೊನೆಗೆ ಪಟೇಲರೇ ತೀರ್ಪು ಕೊಟ್ಟರು: "ಇಷ್ಟು ಜನ ನೋಡ್ತಾ ಕುಂತಿದ್ರೆ ಯಾವ ಕಳ್ಳ ಮರ ಅತ್ತಾನು? ಮುಳ್ಳು ಕಟ್ರಲಾ."

ಕಟ್ಟಿದರು. ಅಂದಿನಿಂದ ಕಳವು ನಿಂತಿತು. ನನ್ನ ಮನೆಯಲ್ಲಿ ಚಟ್ನಿಯೂ ನಿಂತಿತು. ಏಡಿಯೇ ಕಳ್ಳ ಎನ್ನಲು ಊರಿಗೆ ಇನ್ನೇನು ಸಾಕ್ಷಿ ಬೇಕು?

ಮೊನ್ನೆ ಮುಳ್ಳು ಕಟ್ಟುತ್ತಿದ್ದವಳು ಸಿದ್ದಯ್ಯನ ಮಗಳು ಕೆಂಪಮ್ಮ. ಕಾವಲು ಈಗ ಅವಳದು. ಅವಳಿಗೆ ನನ್ನ ಗುರುತು ಸಿಗಲಿಲ್ಲ. ಈಗಲಾದರೂ ನಿಜ ಹೇಳಿಬಿಡೋಣ ಎಂದುಕೊಂಡು, "ಏಡಿ ಮರ ಹತ್ತಿದ್ದನ್ನ ಎಂದಾದರೂ ಕಂಡಿದ್ದೀಯೇನಮ್ಮ?" ಎಂದೆ.

"ಮುಳ್ಳು ಕಟ್ಟಿದ್ ಮ್ಯಾಕೆ ಎಂಗ್ ಅತ್ತವೆ ಸಾ? ನಮ್ಮಪ್ಪ ಸಾಯೋಗಂಟ ಒಂದ್ ವರ್ಸಾನೂ ಬುಡ್ದೆ ಕಟ್ದ. ಆ ಮೇಷ್ಟ್ರು ಪುಣ್ಯಾತ್ಮ. ಅವ್ರು ಏಳ್ದೆ ಓಗಿದ್ರೆ ನಮ್ಮಪ್ಪನ್ನ ಕಳ್ಳ ಅಂದ್ಬುಡೋರು."

ಅವಳು ಪಕ್ಕದ ಮರಕ್ಕೆ ಮುಳ್ಳು ಒರಗಿಸಿದಳು.

"ಈ ತುದಿ ಇಡ್ಕೊಳಿ ಸಾ," ಎಂದಳು ಹಗ್ಗ ಕೊಟ್ಟು.

ಹಿಡಿದುಕೊಂಡೆ. "ಬಿಗಿಯಾಗಿ ಕಟ್ಟಮ್ಮ," ಎಂದೆ. "ಚೂರು ಸಂದಿ ಸಿಕ್ಕಿದರೆ ಸಾಕು, ಹತ್ತಿಬಿಡ್ತವೆ."